ಬಾಲದ ರಕ್ತ ನಿಂತಿತು, ಔಷಧಿ ಬರಲಿಲ್ಲ: 2003ರ ಒಂದು ಹಿಮೋಫಿಲಿಯಾ ಪ್ರಯೋಗದ ಪ್ರಕರಣ ಅಧ್ಯಯನ

2003ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬಾಸ್ಟನ್ನಿನಲ್ಲಿ ಡೆನಿಸಾ ವ್ಯಾಗ್ನರ್ ನಡೆಸುತ್ತಿದ್ದ ಲ್ಯಾಬಿನ ಕೆಲಸ. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಹ್ರಾಖೊವಿನೊವಾ ಅವರದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎ ರೋಗ ಇರುವ ಇಲಿಗಳಿಗೆ, ಅವುಗಳಲ್ಲಿ ಇಲ್ಲದ ಫ್ಯಾಕ್ಟರ್ 8 ಅನ್ನುವ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಅವರು ಒಂದು ಹನಿಯೂ ಕೊಡಲಿಲ್ಲ. ಬದಲಿಗೆ ಬೇರೆ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಟ್ಟರು. ಅದು ಬಿಳಿ ರಕ್ತಕಣಗಳ ಮೈಮೇಲಿಂದ ಚಿಕ್ಕ ಚಿಕ್ಕ ತುಣುಕುಗಳು ಉದುರುವ ಹಾಗೆ ಮಾಡಿತು. ಆಮೇಲೆ ಬಾಲದ ತುದಿ ಕತ್ತರಿಸಿ ನೋಡಿದರೆ, ಮಾಮೂಲಿ ಇಲಿಯ ಹಾಗೇ ರಕ್ತ ನಿಂತಿತ್ತು.

ಇಷ್ಟು ಓದಿದವರಿಗೆ ಮೊದಲು ಬರುವ ಪ್ರಶ್ನೆ, ಹಾಗಾದರೆ ಆ ಔಷಧಿ ಈಗ ಎಲ್ಲಿದೆ ಅಂತ. ಎಲ್ಲೂ ಇಲ್ಲ. 20 ವರ್ಷ ದಾಟಿದೆ, ಹಿಮೋಫಿಲಿಯಾಕ್ಕೆ ಹೊಸ ಹೊಸ ಔಷಧಿಗಳು ಬಂದಿವೆ, ಇದು ಮಾತ್ರ ಬರಲಿಲ್ಲ. ಯಾಕೆ ಅನ್ನೋದೇ ಈ ಪ್ರಕರಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪ್ರಯೋಗ ಚೆನ್ನಾಗಿತ್ತು, ಹಿಂದಿನ ಯೋಚನೆಯೂ ಚುರುಕಾಗಿತ್ತು, ಆದರೆ ಶುರು ಮಾಡಿದ್ದನ್ನು ಅಳೆದು, ಬೇಕಾದಲ್ಲಿ ನಿಲ್ಲಿಸುವ ದಾರಿ ಯಾರ ಕೈಯಲ್ಲೂ ಇರಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಯಾವುದೇ ಔಷಧಿಗೆ ಇದು ದೊಡ್ಡ ಕೊರತೆ.

ಫ್ಯಾಕ್ಟರ್ 8 ಇಲ್ಲದಿದ್ದರೆ ಕೆಡುವುದು ಏನು?

ಹಿಮೋಫಿಲಿಯಾ ಎ, ಅಂದರೆ ನಾವು ಶಾಲೆಯಲ್ಲಿ ಓದಿದ ಕುಸುಮ ರೋಗದ ಮುಖ್ಯ ಬಗೆ, ಹುಟ್ಟುವ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಲ್ಲಿ ಫ್ಯಾಕ್ಟರ್ 8ರ ಮಟ್ಟ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಸ್ವರೂಪ. ಅಂಥವರಿಗೆ ಏಟೇ ಬೀಳಬೇಕೆಂದಿಲ್ಲ. ಸುಮ್ನೆ ಕೂತಿದ್ದರೂ ಮೊಣಕಾಲು, ಮೊಣಕೈ, ಪಾದದ ಗಂಟುಗಳೊಳಗೆ ರಕ್ತ ಸೋರುತ್ತದೆ.

ಎಲ್ಲರೂ ಅಂದುಕೊಳ್ಳುವ ಹಾಗೆ ಇವರ ರಕ್ತ ಹೆಪ್ಪುಗಟ್ಟುವುದೇ ಇಲ್ಲ ಅಂತಲ್ಲ. ಶುರುವಾಗುತ್ತದೆ, ಚೆನ್ನಾಗೇ ಶುರುವಾಗುತ್ತದೆ. ಗಾಯವಾದಾಗ ರಕ್ತನಾಳದ ಹೊರಗೋಡೆಯಲ್ಲಿರುವ ಟಿಶ್ಯೂ ಫ್ಯಾಕ್ಟರ್ ಅನ್ನುವ ಪ್ರೋಟೀನಿಗೆ ರಕ್ತದ ಫ್ಯಾಕ್ಟರ್ 7 ಬಂದು ಅಂಟುತ್ತದೆ. ಅಲ್ಲಿ ಸ್ವಲ್ಪ ಥ್ರಾಂಬಿನ್, ಅಂದರೆ ಹೆಪ್ಪಿನ ಫೈಬ್ರಿನ್ ಎಳೆಗಳನ್ನು ಕಟ್ಟಿಸುವ ಪ್ರೋಟೀನ್, ಹುಟ್ಟುತ್ತದೆ. ಈ ಭಾಗ ಹಿಮೋಫಿಲಿಯಾದಲ್ಲಿ ಸರಿಯಾಗಿಯೇ ಇರುತ್ತದೆ, ಅದಕ್ಕೇ ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಎರಡು ಟೆಸ್ಟುಗಳಲ್ಲಿ, ಈ ಹೆಜ್ಜೆಯನ್ನು ನೋಡುವ ಪಿಟಿ ನಾರ್ಮಲ್ ಬರುತ್ತದೆ, ಎಪಿಟಿಟಿ ಮಾತ್ರ ಉದ್ದ ಬರುತ್ತದೆ. ಆದರೆ ಈ ಮೊದಲ ಹೆಜ್ಜೆಯನ್ನು ಟಿಎಫ್‌ಪಿಐ ಅನ್ನುವ ಇನ್ನೊಂದು ಪ್ರೋಟೀನ್ ಬೇಗನೇ ಮುಚ್ಚಿಬಿಡುತ್ತದೆ. ಅಷ್ಟರೊಳಗೆ ಎರಡನೇ ಹಂತ ಕೈಗೆತ್ತಿಕೊಳ್ಳಬೇಕು. ಪ್ಲೇಟ್‌ಲೆಟ್‌ನ ಮೈಮೇಲೆ ಫ್ಯಾಕ್ಟರ್ 9 ಮತ್ತು ಫ್ಯಾಕ್ಟರ್ 8 ಜೊತೆಯಾಗಿ ಕೂತು ಫ್ಯಾಕ್ಟರ್ 10ನ್ನು ಚುರುಕುಗೊಳಿಸಬೇಕು. ಈ ಜೋಡಿ ಟಿಶ್ಯೂ ಫ್ಯಾಕ್ಟರ್ ಜೋಡಿಗಿಂತ ಸುಮಾರು 50 ಪಟ್ಟು ಜಾಸ್ತಿ ಕೆಲಸ ಮಾಡುತ್ತದೆ ಅಂತ ಲೆಕ್ಕ. 8 ಇಲ್ಲದಿದ್ದರೆ ಈ ಹಂತವೇ ಬಿದ್ದುಹೋಯಿತು. ಕಡ್ಡಿ ಗೀರಿದ್ದೇವೆ, ಕಿಡಿಯೂ ಬಂದಿದೆ, ಒಲೆಯಲ್ಲಿರುವ ಸೌದೆ ಮಾತ್ರ ಹಸಿ, ಅಂಥ ಪರಿಸ್ಥಿತಿ.

ಇದಕ್ಕೆ ನೇರ ಪರಿಹಾರ ಫ್ಯಾಕ್ಟರ್ 8 ಚುಚ್ಚುವುದು. ಅದು ರಕ್ತದಲ್ಲಿ 12 ಗಂಟೆ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ವಾರಕ್ಕೆ ಹಲವು ಸಲ ಸೂಜಿ. ಅದಕ್ಕಿಂತ ದೊಡ್ಡ ತಲೆನೋವು ಇನ್ಹಿಬಿಟರ್. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಶೇಕಡಾ 30ರವರೆಗೆ ಜನರ ದೇಹ, ಹೊರಗಿಂದ ಬಂದ ಫ್ಯಾಕ್ಟರ್ 8ನ್ನು ಶತ್ರು ಅಂದುಕೊಂಡು ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಆಮೇಲೆ ಎಷ್ಟು ಸುರಿದರೂ ಅಷ್ಟೇ. ಇಂಥವರಿಗಾಗಿ ಫ್ಯಾಕ್ಟರ್ 8ರ ದಾರಿ ಬಿಟ್ಟು ಸುತ್ತಿಕೊಂಡು ಹೋಗುವ ಬೈಪಾಸ್ ಔಷಧಿಗಳು ಬಂದವು. ಒಂದು ಎಪಿಸಿಸಿ ಅನ್ನುವ ಹಲವು ಫ್ಯಾಕ್ಟರ್‌ಗಳ ಮಿಶ್ರಣ, ಮಾರುಕಟ್ಟೆಯಲ್ಲಿ ಫೀಬಾ. ಇನ್ನೊಂದು ಸ್ವೀಡನ್ನಿನ ಉಲ್ಲಾ ಹೆಡ್ನರ್ ಬೆನ್ನು ಹತ್ತಿ ಹೊರಗೆ ತಂದ ಚುರುಕುಗೊಳಿಸಿದ ಫ್ಯಾಕ್ಟರ್ 7. ಎರಡೂ ಕೆಲಸ ಮಾಡುತ್ತವೆ. ಆದರೆ ಫ್ಯಾಕ್ಟರ್ 7ನ್ನು ಎರಡು ಮೂರು ಗಂಟೆಗೊಮ್ಮೆ ಕೊಡಬೇಕು. ರಾತ್ರಿಯೆಲ್ಲ ಎದ್ದು ಕೂತು ಚುಚ್ಚುವ ಮನೆಯವರ ಪಾಡು ಯೋಚಿಸಿ. ವ್ಯಾಗ್ನರ್ ತಂಡ ತಮ್ಮ ಪ್ರಬಂಧದಲ್ಲಿ ರಕ್ತಸ್ರಾವಕ್ಕೆ ದೀರ್ಘ ಕಾಲದ ಹಿಡಿತ ಸಿಗಬಹುದು ಅಂತ ಆಸೆ ತೋರಿಸಿದ್ದು ಇಂಥ ದಿನಗಳಲ್ಲಿ.

ಧೂಳು ಅಂತ ಬಿಟ್ಟಿದ್ದ ವಸ್ತು

ಈಗ ಆ ತುಣುಕುಗಳ ವಿಷಯಕ್ಕೆ ಬರೋಣ. ಇವನ್ನು ಮೈಕ್ರೋಪಾರ್ಟಿಕಲ್ ಅನ್ನುತ್ತಾರೆ. ಜೀವಕೋಶ ಕೆರಳಿದಾಗ ಅಥವಾ ಸಾಯುವಾಗ ಅದರ ಹೊರಪೊರೆ ಉಬ್ಬಿ, ಮೊಗ್ಗಿನ ಹಾಗೆ ಕಳಚಿಕೊಂಡು ರಕ್ತಕ್ಕೆ ಬೀಳುತ್ತದೆ. ಅಗಲ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗದಿಂದ ಒಂದು ಮೈಕ್ರಾನ್‌ವರೆಗೆ. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಇರುತ್ತದೆ ಅಂದರೆ ಅಂದಾಜು ಸಿಗಬಹುದು.

1946ರಲ್ಲಿ ಚಾರ್ಗಾಫ್ ಮತ್ತು ವೆಸ್ಟ್ ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವ ಭಾಗವನ್ನು, ಭಾರೀ ವೇಗದಲ್ಲಿ ತಿರುಗಿಸಿ ತಳಕ್ಕೆ ಏನೋ ಇಳಿಯಿತು ಅಂತ ನೋಡಿದರು. ಅದನ್ನು ತೆಗೆದರೆ ರಕ್ತ ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಬೇಕಾಗುತ್ತಿತ್ತು, ವಾಪಸ್ ಹಾಕಿದರೆ ಬೇಗ ಆಗುತ್ತಿತ್ತು. (ಹೌದು, ಡಿಎನ್‌ಎ ನಿಯಮಗಳ ಚಾರ್ಗಾಫ್ ಅವರೇ.) 1967ರಲ್ಲಿ ಪೀಟರ್ ವುಲ್ಫ್ ಅದು ಪ್ಲೇಟ್‌ಲೆಟ್‌ನಿಂದ ಬಂದದ್ದು ಅಂತ ತೋರಿಸಿ ಪ್ಲೇಟ್‌ಲೆಟ್ ಧೂಳು ಅಂದರು.

ಈ ಧೂಳಿಗೆ ಹೆಪ್ಪುಗಟ್ಟಿಸುವ ಶಕ್ತಿ ಬರುವುದು ಅದರ ಪೊರೆಯಿಂದ. ನೆಮ್ಮದಿಯಾಗಿರುವ ಕೋಶದಲ್ಲಿ ಫಾಸ್ಫಟಿಡಿಲ್ ಸೆರಿನ್ ಅನ್ನುವ ಕೊಬ್ಬು ಪೊರೆಯ ಒಳಮೈಯಲ್ಲೇ ಇರುತ್ತದೆ. ಕೋಶ ಕೆರಳಿ ಒಳಗೆ ಕ್ಯಾಲ್ಸಿಯಂ ಏರಿದಾಗ ಒಳಗಿದ್ದದ್ದು ಹೊರಗೆ ತಿರುಗುತ್ತದೆ. ಇದಕ್ಕೆ ಋಣ ವಿದ್ಯುತ್ ಅಂಶ ಇದೆ. ಫ್ಯಾಕ್ಟರ್ 7, 9, 10 ಮತ್ತು ಥ್ರಾಂಬಿನ್ ಆಗಿ ಬದಲಾಗುವ ಪ್ರೋಥ್ರಾಂಬಿನ್, ಅಂದರೆ ವಿಟಮಿನ್ ಕೆ ಬೇಕಾಗುವ ಹೆಪ್ಪಿನ ಫ್ಯಾಕ್ಟರುಗಳೆಲ್ಲವೂ, ಕ್ಯಾಲ್ಸಿಯಂ ಹಿಡಿದುಕೊಂಡು ಈ ಮೇಲ್ಮೈಗೆ ಬಂದು ಕೂರುತ್ತವೆ. ಒಂದರ ಪಕ್ಕ ಒಂದು ಕೂತರೇನೇ ಕೆಲಸ. ಪ್ಲಾಸ್ಮಾದಲ್ಲಿ ಸುಮ್ನೆ ತೇಲುತ್ತಾ ಇದ್ದರೆ ಆಗುವುದು ಬಲು ಕಡಿಮೆ. ಈ ಮೇಲ್ಮೈ ಎಷ್ಟು ಮುಖ್ಯ ಅನ್ನೋದಕ್ಕೆ ಸ್ಕಾಟ್ ಸಿಂಡ್ರೋಮ್ ನೋಡಬೇಕು. 1979ರಲ್ಲಿ ವರದಿಯಾದ ತೀರಾ ಅಪರೂಪದ ಕಾಯಿಲೆ. ಫ್ಯಾಕ್ಟರ್‌ಗಳೆಲ್ಲ ಸರಿಯಾಗಿವೆ, ಪ್ಲೇಟ್‌ಲೆಟ್ ಸಂಖ್ಯೆಯೂ ಸರಿ, ಆದರೂ ರಕ್ತಸ್ರಾವ. ಅವರ ಪ್ಲೇಟ್‌ಲೆಟ್ ಈ ಕೊಬ್ಬನ್ನು ಹೊರಗೆ ತಿರುಗಿಸುವುದಿಲ್ಲ, ಕಣಗಳನ್ನೂ ಸರಿಯಾಗಿ ಉದುರಿಸುವುದಿಲ್ಲ. ಕಾರಣವಾದ ಜೀನ್ ಟಿಎಂಇಎಂ16ಎಫ್ ಅಂತ ಗೊತ್ತಾಗಿದ್ದು 2010ರಲ್ಲಿ.

2007ರಲ್ಲಿ ರಷ್ಯಾದ ಒಂದು ತಂಡ ಅಳೆದು ನೋಡಿದಾಗ, ಅಷ್ಟೇ ವಿಸ್ತೀರ್ಣದ ಕೆರಳಿದ ಪ್ಲೇಟ್‌ಲೆಟ್ ಪೊರೆಗಿಂತ ಮೈಕ್ರೋಪಾರ್ಟಿಕಲ್‌ನ ಪೊರೆಗೆ 50ರಿಂದ 100 ಪಟ್ಟು ಜಾಸ್ತಿ ಹೆಪ್ಪುಗಟ್ಟಿಸುವ ಶಕ್ತಿ ಕಂಡಿತು. ಬಿಳಿ ರಕ್ತಕಣದಿಂದ, ಅದರಲ್ಲೂ ಮೊನೊಸೈಟ್‌ನಿಂದ ಉದುರಿದ ಕಣವಾದರೆ ಇನ್ನೂ ಒಂದು ಹೆಚ್ಚುಗಾರಿಕೆ: ಅದರ ಮೇಲೆ ಟಿಶ್ಯೂ ಫ್ಯಾಕ್ಟರೂ ಇರಬಹುದು. ಅಂದರೆ ಮೇಲ್ಮೈಯೂ ಅದೇ, ಕಿಡಿಯೂ ಅದೇ.

ಇಲಿಗಳ ಮೇಲೆ ಮಾಡಿದ್ದು

ವ್ಯಾಗ್ನರ್ ಲ್ಯಾಬಿನವರು ಹಿಮೋಫಿಲಿಯಾದಿಂದ ಶುರು ಮಾಡಿದವರಲ್ಲ. ಅವರ ವಿಷಯ ಪಿ-ಸೆಲೆಕ್ಟಿನ್. ಪ್ಲೇಟ್‌ಲೆಟ್‌ನ ಮತ್ತು ರಕ್ತನಾಳದ ಒಳಪದರದ ಕೋಶಗಳ ಚೀಲಗಳಲ್ಲಿ ಅಡಗಿರುವ ಪ್ರೋಟೀನ್ ಇದು. ಕೋಶ ಕೆರಳಿದರೆ ಮೇಲೆ ಬರುತ್ತದೆ, ಓಡಾಡುವ ಬಿಳಿ ರಕ್ತಕಣದ ಪಿಎಸ್‌ಜಿಎಲ್-1 ಅನ್ನುವ ಕೊಂಡಿಯನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಭಾಗ ಕಳಚಿಕೊಂಡು ರಕ್ತದಲ್ಲಿ ಕರಗಿಯೂ ಇರುತ್ತದೆ. ಹೃದಯ, ರಕ್ತನಾಳದ ತೊಂದರೆ ಇರುವವರಲ್ಲಿ ಈ ಕರಗಿದ ಪಿ-ಸೆಲೆಕ್ಟಿನ್ ಜಾಸ್ತಿ ಇರುತ್ತದೆ ಅನ್ನೋದು ಆಗಲೇ ಗೊತ್ತಿತ್ತು.

2000ದಲ್ಲಿ ಇದೇ ಲ್ಯಾಬು ಒಂದು ವಿಚಿತ್ರ ಗಮನಿಸಿತ್ತು. ಪಿ-ಸೆಲೆಕ್ಟಿನ್‌ನ ಒಳತುದಿ ಇಲ್ಲದ ಹಾಗೆ ಜೀನ್ ತಿದ್ದಿದ ಇಲಿಗಳ ರಕ್ತದಲ್ಲಿ ಕರಗಿದ ಪಿ-ಸೆಲೆಕ್ಟಿನ್ ಮೂರು ನಾಲ್ಕು ಪಟ್ಟು ಇರುತ್ತದೆ. ಆ ಇಲಿಗಳ ರಕ್ತ ಬೇಗ ಹೆಪ್ಪುಗಟ್ಟುತ್ತಿತ್ತು, ಅದರಲ್ಲಿ ಮೈಕ್ರೋಪಾರ್ಟಿಕಲ್‌ಗಳೂ ಜಾಸ್ತಿ ಇದ್ದವು. ಸಾಮಾನ್ಯವಾಗಿ ಇಂಥದ್ದನ್ನು ನೋಡಿದವರು ಇದನ್ನು ತಡೆಯೋದು ಹೇಗೆ ಅಂತ ಯೋಚಿಸುತ್ತಾರೆ. ಇವರು ಉಲ್ಟಾ ಯೋಚಿಸಿದರು. ಬೇಗ ಹೆಪ್ಪುಗಟ್ಟುವುದು ಯಾರಿಗೆ ಬೇಕು? ಹಿಮೋಫಿಲಿಯಾದವರಿಗೆ ಬೇಕು, ಅಲ್ವಾ! ಈ ಒಂದು ತಿರುವಿಗೇ ನಾನು ಈ ಪ್ರಬಂಧವನ್ನು ಇಷ್ಟಪಡುವುದು.

ಪಿ-ಸೆಲೆಕ್ಟಿನ್‌ಗೆ ಪ್ರತಿಕಾಯದ ಬಾಲದ ಭಾಗ ಜೋಡಿಸಿ ಒಂದು ಮಿಶ್ರ ಪ್ರೋಟೀನ್ ಮಾಡಿದರು, ಹೆಸರು ಪಿ-ಸೆಲ್-ಐಜಿ. ಮೊದಲು ಮನುಷ್ಯರ ರಕ್ತಕ್ಕೆ ಸೇರಿಸಿದರು. ಹೆಪ್ಪುಗಟ್ಟಿಸುವ ಕಣಗಳು ಹುಟ್ಟಿದವು. ಪಿಎಸ್‌ಜಿಎಲ್-1 ಕೊಂಡಿಯ ಮೂಲಕವೇ ಆಗುತ್ತಿದೆಯಾ ಅಂತ ನೋಡಲು, ಆ ಕೊಂಡಿಯೇ ಇಲ್ಲದ ಇಲಿಗಳಿಗೂ ಕೊಟ್ಟರು. ಅವುಗಳಲ್ಲಿ ಕಣಗಳು ಕಡಿಮೆ ಬಂದವು. ಇನ್ನೂ ಒಂದು ವಿಷಯ ಸಿಕ್ಕಿತು. ಮಾಮೂಲಿ ಇಲಿಗಳಿಗೆ ವಯಸ್ಸಾದ ಹಾಗೆ ಕಣಗಳ ಸಂಖ್ಯೆ ತಾನಾಗೇ ಏರುತ್ತದೆ, ಈ ಕೊಂಡಿ ಇಲ್ಲದವಕ್ಕೆ ಏರಲಿಲ್ಲ. ಕಾರಣ ಮತ್ತು ಪರಿಣಾಮದ ನಡುವಿನ ಗೆರೆ ಇಷ್ಟು ಚೊಕ್ಕವಾಗಿ ಸಿಗುವುದು ಅಪರೂಪ.

ಆಮೇಲೆ ಹಿಮೋಫಿಲಿಯಾ ಇಲಿಗಳು. ಪೆನ್ಸಿಲ್ವೇನಿಯಾದಲ್ಲಿ ಕಝಾಝಿಯನ್ ಅವರ ಲ್ಯಾಬು 1995ರಲ್ಲಿ ಫ್ಯಾಕ್ಟರ್ 8 ಜೀನ್ ಕೆಡಿಸಿ ಮಾಡಿದ ಇಲಿಗಳು ಈ ರಂಗದಲ್ಲಿ ಎಲ್ಲರೂ ಬಳಸುವಂಥವು, ಕಝಾಝಿಯನ್ ಈ ಪ್ರಬಂಧದ ಲೇಖಕರಲ್ಲೂ ಒಬ್ಬರು. ಒಂದು ಗುಂಪಿಗೆ ಪಿ-ಸೆಲ್-ಐಜಿ, ಇನ್ನೊಂದಕ್ಕೆ ಬರೀ ಪ್ರತಿಕಾಯದ ಪ್ರೋಟೀನ್. ಮೊದಲ ಗುಂಪಿನಲ್ಲಿ ಟಿಶ್ಯೂ ಫ್ಯಾಕ್ಟರ್ ಹೊತ್ತ ಕಣಗಳು 20 ಪಟ್ಟು ಆದವು. ಫೈಬ್ರಿನ್ ಎಳೆಗಳು ಕಟ್ಟುವ ವೇಗ ಸುಧಾರಿಸಿತು. ಬಾಲದ ರಕ್ತ ನಿಲ್ಲುವ ಹೊತ್ತು ಮಾಮೂಲಿಗೆ ಬಂತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಜಾಣತನದ್ದು ಅನಿಸುವುದು ಕಣಗಳಿಗೆ ವಿಳಾಸ ಗೊತ್ತಿರುವುದು. ಬಿಳಿ ರಕ್ತಕಣದಿಂದ ಉದುರಿದ ಕಣದ ಮೇಲೆ ಪಿಎಸ್‌ಜಿಎಲ್-1 ಕೊಂಡಿ ಉಳಿದಿರುತ್ತದೆ. ಗಾಯದ ಜಾಗದಲ್ಲಿ ಕೆರಳಿದ ಪ್ಲೇಟ್‌ಲೆಟ್ ಮೇಲೆ ಪಿ-ಸೆಲೆಕ್ಟಿನ್ ಎದ್ದು ನಿಂತಿರುತ್ತದೆ. ಹಾಗಾಗಿ ಕಣ ಅಲ್ಲೇ ಹೋಗಿ ಅಂಟಬೇಕು. ಹೊರಗಿಂದ ಚುಚ್ಚಿದ ಕಣಗಳು ಹೆಪ್ಪಿನ ಜಾಗಕ್ಕೇ ಹೋಗಿ ಕೂತದ್ದನ್ನು ಅವರು ತೋರಿಸಿದರು. ಅದೇ ವರ್ಷ ಬೇರೆ ಒಂದು ತಂಡವೂ, ಬೆಳೆಯುತ್ತಿರುವ ಹೆಪ್ಪಿಗೆ ಟಿಶ್ಯೂ ಫ್ಯಾಕ್ಟರ್ ಬಂದು ಸೇರಲು ಈ ಕೊಂಡಿಗಳೇ ಬೇಕು ಅಂತ ಜೀವಂತ ಇಲಿಯ ರಕ್ತನಾಳದಲ್ಲೇ ಕಂಡುಕೊಂಡಿತ್ತು.

ನನಗೆ ಇರುವ ತಕರಾರುಗಳು

ಮೊದಲನೆಯದು ಬಾಲ. ಇಲಿಯ ಬಾಲದ ತುದಿ ಕತ್ತರಿಸಿ, ಮೈ ಬಿಸಿಯಷ್ಟೇ ಬೆಚ್ಚಗಿರುವ ಉಪ್ಪುನೀರಲ್ಲಿ ಅದ್ದಿ, ಗಡಿಯಾರ ನೋಡುವುದು ಮಾಮೂಲಿ ವಿಧಾನ. ಅಗ್ಗ, ಸುಲಭ, ಒಂದು ದಿನದಲ್ಲಿ ಎಷ್ಟೋ ಇಲಿ ಮುಗಿಸಬಹುದು. ಆದರೆ ಹಿಮೋಫಿಲಿಯಾದವರ ಕಷ್ಟ ಗೊತ್ತಿರುವವರಿಗೆ ಇದರಲ್ಲಿ ಏನು ಕೊರತೆ ಅಂತ ತಕ್ಷಣ ಹೊಳೆಯುತ್ತದೆ. ಬೆರಳು ಕೊಯ್ದುಕೊಂಡರೆ ಅವರ ರಕ್ತವೂ ಮೊದಲು ನಿಲ್ಲುತ್ತದೆ, ಯಾಕೆಂದರೆ ಪ್ಲೇಟ್‌ಲೆಟ್ ಬಂದು ಬೆಣೆ ಹಾಕುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಫೈಬ್ರಿನ್ ಎಳೆ ಗಟ್ಟಿ ಇರುವುದಿಲ್ಲ, ಬೆಣೆ ಕಳಚುತ್ತದೆ, ಕೆಲವು ಗಂಟೆ ಬಿಟ್ಟು ಮತ್ತೆ ಸೋರುತ್ತದೆ. ಅದಕ್ಕೇ ರಾತ್ರಿ ಕಳೆದು ಬೆಳಗ್ಗೆ ಎಷ್ಟು ಇಲಿ ಬದುಕಿವೆ ಅಂತ ನೋಡುವ ಪರೀಕ್ಷೆಯನ್ನೂ ಈ ರಂಗದಲ್ಲಿ ಮಾಡುತ್ತಾರೆ. ಇನ್ನು ಕೀಲು. ಮೊಣಕಾಲಿನ ಒಳಪದರದ ನವುರಾದ ರಕ್ತನಾಳ ಬೇರೆ ಲೋಕ. ಅಲ್ಲಿ ಹೆಪ್ಪು ಕಟ್ಟಿತಾ ಅನ್ನೋದನ್ನು ಬಾಲ ಹೇಳುವುದಿಲ್ಲ. ಮೊಣಕಾಲಿಗೆ ಸೂಜಿ ಚುಚ್ಚಿ ಕೀಲಿನೊಳಗಿನ ರಕ್ತ ಅಳೆಯುವ ಇಲಿ ಮಾದರಿಗಳು ನಂತರದ ವರ್ಷಗಳಲ್ಲಿ ಬಳಕೆಗೆ ಬಂದವು.

ಎರಡನೆಯದು 20 ಪಟ್ಟು ಅನ್ನುವ ಅಂಕಿ. ಕೇಳಲು ದೊಡ್ಡದು. ಯಾವುದರ 20 ಪಟ್ಟು? ಟಿಶ್ಯೂ ಫ್ಯಾಕ್ಟರ್ ಹೊತ್ತ ಕಣಗಳು ಆರೋಗ್ಯವಾಗಿರುವ ರಕ್ತದಲ್ಲಿ ಬಲು ಕಡಿಮೆ, ಎಷ್ಟಿವೆ ಅನ್ನೋದರ ಬಗ್ಗೆಯೇ ಆಗ ಜಗಳ ನಡೆಯುತ್ತಿತ್ತು. 1999ರಲ್ಲಿ ನೆಮರ್ಸನ್ ತಂಡ ರಕ್ತದಲ್ಲೇ ಟಿಶ್ಯೂ ಫ್ಯಾಕ್ಟರ್ ಓಡಾಡುತ್ತದೆ ಅಂದಾಗ ಎಷ್ಟೋ ಜನ ಒಪ್ಪಿರಲಿಲ್ಲ. ಚಿಕ್ಕ ಸಂಖ್ಯೆ 20 ಪಟ್ಟಾದರೂ ಚಿಕ್ಕದೇ ಇರಬಹುದು.

ಅಳೆಯುವುದೂ ಅಷ್ಟು ಸುಲಭ ಅಲ್ಲ. ಫ್ಲೋ ಸೈಟೋಮೀಟರ್ ಅನ್ನುವ ಯಂತ್ರದಲ್ಲಿ ಕಣಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುತ್ತವೆ, ಚದುರಿದ ಬೆಳಕು ನೋಡಿ ಎಣಿಸುತ್ತಾರೆ. ಆ ಕಾಲದ ಯಂತ್ರಗಳಿಗೆ ಅರ್ಧ ಮೈಕ್ರಾನ್‌ಗಿಂತ ಚಿಕ್ಕದು ಸರಿಯಾಗಿ ಕಾಣುತ್ತಿರಲಿಲ್ಲ. ಅಂದರೆ ಬಹುಪಾಲು ಕಣಗಳು ಎಣಿಕೆಗೇ ಬರುತ್ತಿರಲಿಲ್ಲ. ರಕ್ತ ತೆಗೆಯುವ ರೀತಿಯಿಂದಲೂ ಲೆಕ್ಕ ಬದಲಾಗುತ್ತದೆ. ಮನುಷ್ಯರಲ್ಲಾದರೆ ದಪ್ಪ ಸೂಜಿ ಬೇಕು, ಟೂರ್ನಿಕೆಟ್ ಜಾಸ್ತಿ ಬಿಗಿಯಬಾರದು, ಮೊದಲು ಬಂದ ರಕ್ತ ಬಿಟ್ಟುಬಿಡಬೇಕು, ಸಿಟ್ರೇಟ್ ಟ್ಯೂಬನ್ನು ಅಲುಗಾಡಿಸದೆ ನೆಟ್ಟಗೆ ಇಟ್ಟು ತರಬೇಕು. 2,500 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ಪ್ಲಾಸ್ಮಾವನ್ನು ಕೆಳಗಿನ ಪದರಕ್ಕೆ ತಾಕದ ಹಾಗೆ ತೆಗೆದು, ಅದನ್ನು ಇನ್ನೊಮ್ಮೆ ಅಷ್ಟೇ ಹೊತ್ತು ತಿರುಗಿಸಬೇಕು. ಎರಡನೇ ಸುತ್ತು ಬಿಟ್ಟರೆ ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಉಳಿಯುತ್ತದೆ. ಫ್ರೀಜರಿನಲ್ಲಿಟ್ಟು ಕರಗಿಸಿದಾಗ ಅದು ಒಡೆದು ಚೂರಾಗುತ್ತದೆ, ಯಂತ್ರ ಆ ಚೂರುಗಳನ್ನೂ ಮೈಕ್ರೋಪಾರ್ಟಿಕಲ್ ಅಂತಲೇ ಎಣಿಸುತ್ತದೆ. ಈ ನಿಯಮಗಳನ್ನು ಎಲ್ಲ ಲ್ಯಾಬುಗಳೂ ಒಪ್ಪುವ ರೀತಿಯಲ್ಲಿ ಕೂತು ಬರೆದದ್ದು ಈ ಪ್ರಬಂಧ ಬಂದು ಎಷ್ಟೋ ವರ್ಷ ಆದಮೇಲೆ. ಇಲಿಯ ವಿಷಯದಲ್ಲಿ ಕಷ್ಟ ಇನ್ನೂ ಜಾಸ್ತಿ, ಅದರ ಮೈಯಲ್ಲಿ ಇರೋದೇ ಸುಮಾರು 2 ಎಂಎಲ್ ರಕ್ತ. ಒಂದೇ ಇಲಿಯಿಂದ ಮತ್ತೆ ಮತ್ತೆ ತೆಗೆಯಲು ಆಗುವುದಿಲ್ಲ.

ಹಾಗಂತ ಫಲಿತಾಂಶವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎರಡು ಗುಂಪಿನ ರಕ್ತವನ್ನೂ ಒಂದೇ ರೀತಿ ತೆಗೆದಿದ್ದರೆ ಹೋಲಿಕೆ ನಿಲ್ಲುತ್ತದೆ. ಆದರೆ ಔಷಧಿ ಆಗಬೇಕಾದರೆ ಹೋಲಿಕೆ ಸಾಲದು, ಡೋಸ್ ಬೇಕು. ಈ ರೋಗಿಯ ರಕ್ತದಲ್ಲಿ ಇಷ್ಟು ಕಣ ಆದರೆ ಸಾಕು, ಇದಕ್ಕಿಂತ ಮೇಲೆ ಹೋದರೆ ಅಪಾಯ ಅಂತ ಹೇಳಲು ಆಗಬೇಕು. ಫ್ಯಾಕ್ಟರ್ 8ನ್ನು ಅಳೆಯಬಹುದು, ಶೇಕಡಾ ಇಷ್ಟು ಅಂತ ಬರೆಯಬಹುದು. ಕಣಗಳಿಗೆ ಅಂಥ ಅಳತೆಗೋಲು ಇರಲಿಲ್ಲ.

ಅದೇ ಲ್ಯಾಬಿನ 2009ರ ಉತ್ತರ

ಮೂರನೇ ತಕರಾರು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಆಧಾರ ಸಿಕ್ಕಿದ್ದು ವ್ಯಾಗ್ನರ್ ಲ್ಯಾಬಿನಿಂದಲೇ. 2009ರಲ್ಲಿ ಬ್ಲಡ್ ಪತ್ರಿಕೆಯಲ್ಲಿ ಅವರು, ರಕ್ತದಲ್ಲಿ ಕರಗಿದ ಪಿ-ಸೆಲೆಕ್ಟಿನ್ ಸದಾ ಜಾಸ್ತಿ ಇರುವ ಇಲಿಗಳಲ್ಲಿ ಏನಾಗುತ್ತದೆ ಅಂತ ಬರೆದರು. ಮೆದುಳಿಗೆ ರಕ್ಷಣೆ ಕೊಡುವ ರಕ್ತನಾಳದ ತಡೆ ಸಡಿಲವಾಗಿತ್ತು. ಪಾರ್ಶ್ವವಾಯು ಆದಾಗ ಹಾನಿ ಜಾಸ್ತಿ ಆಗುತ್ತಿತ್ತು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದೂ ಹೆಚ್ಚಿತ್ತು. ತಮ್ಮದೇ ಹಳೆಯ ಆಸೆಗೆ ಅಡ್ಡ ಬರುವ ಫಲಿತಾಂಶವನ್ನು ತಾವೇ ಹೊರಗೆ ಹಾಕಿದ್ದಕ್ಕೆ ಮೆಚ್ಚಬೇಕು.

ಯಾಕೆ ಹೀಗಾಗುತ್ತದೆ ಅಂದರೆ, ಪಿ-ಸೆಲೆಕ್ಟಿನ್ ಕೊಂಡಿಯನ್ನು ಎಳೆದರೆ ಬಿಳಿ ರಕ್ತಕಣ ಬರೀ ಕಣ ಉದುರಿಸಿ ಸುಮ್ಮನಾಗುವುದಿಲ್ಲ. ಅದು ಕೆರಳುತ್ತದೆ. ಉರಿಯೂತದ ಸಂಕೇತಗಳೂ ಹೊರಡುತ್ತವೆ. ಹಿಮೋಫಿಲಿಯಾದವರ ಕೀಲು ಮೊದಲೇ ರಕ್ತ ಸೋರಿ ಸೋರಿ ಉರಿಯೂತದಿಂದ ಹಾಳಾಗಿರುತ್ತದೆ, ಅಂಥ ಜಾಗಕ್ಕೆ ಬಿಳಿ ರಕ್ತಕಣಗಳನ್ನು ಇನ್ನಷ್ಟು ಕೆರಳಿಸಿ ಕಳಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಜೊತೆಗೆ ಟಿಶ್ಯೂ ಫ್ಯಾಕ್ಟರ್ ಹೊತ್ತ ಕಣಗಳು ರಕ್ತದಲ್ಲಿ ಜಾಸ್ತಿ ಇರುವುದು ಕೆಲವು ಕ್ಯಾನ್ಸರ್ ರೋಗಿಗಳಲ್ಲಿ ಕಾಣುತ್ತದೆ, ಅವರ ಕಾಲಿನ ಸಿರೆಯಲ್ಲಿ, ಶ್ವಾಸಕೋಶದಲ್ಲಿ ಹೆಪ್ಪು ಕಟ್ಟುವ ಅಪಾಯವೂ ಹೆಚ್ಚು. ವಿಳಾಸ ಗೊತ್ತಿರುವ ಕಣ ಸರಿ, ಆದರೆ ಆ ವಿಳಾಸ ಬರೀ ಗಾಯದ್ದಲ್ಲ. ಕೆರಳಿದ ರಕ್ತನಾಳ ಎಲ್ಲಿದ್ದರೂ ಅದೇ ವಿಳಾಸ. 50 ದಾಟಿದ, ಬಿಪಿ ಇರುವ, ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿರುವ ಹಿಮೋಫಿಲಿಯಾ ರೋಗಿಗೆ ಇದನ್ನು ಕೊಡುವ ಧೈರ್ಯ ಯಾವ ಡಾಕ್ಟರಿಗೆ ಬರುತ್ತದೆ?

ಇನ್ನೊಂದು ತಮಾಷೆ ನೋಡಿ. ಪಿ-ಸೆಲೆಕ್ಟಿನ್ ಆಮೇಲೆ ಔಷಧಿ ಲೋಕಕ್ಕೆ ಬಂತು, ಆದರೆ ಅದನ್ನು ತಡೆಯುವ ಔಷಧಿಯಾಗಿ. ಕುಡುಗೋಲು ಕಣ ರೋಗದ ನೋವು ಕಡಿಮೆ ಮಾಡಲು ಕ್ರಿಝಾನ್ಲಿಝುಮ್ಯಾಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ನಂತರದ ಟ್ರಯಲ್‌ನಲ್ಲಿ ಲಾಭ ತೋರಿಸಲಿಲ್ಲ, 2023ರಲ್ಲಿ ಯುರೋಪ್ ಅನುಮತಿ ಹಿಂತೆಗೆದುಕೊಂಡಿತು.

ಗೆದ್ದ ದಾರಿ, ಅಲ್ಲೂ ಬಂದ ಅದೇ ತೊಂದರೆ

2012ರಲ್ಲಿ ಅದೇ ನೇಚರ್ ಮೆಡಿಸಿನ್‌ನಲ್ಲಿ ಜಪಾನಿನವರ ಪ್ರಬಂಧ ಬಂತು. ಒಂದು ಕೈಯಲ್ಲಿ ಫ್ಯಾಕ್ಟರ್ 9, ಇನ್ನೊಂದರಲ್ಲಿ ಫ್ಯಾಕ್ಟರ್ 10 ಹಿಡಿದು ಪಕ್ಕ ಪಕ್ಕ ಕೂರಿಸುವ ಪ್ರತಿಕಾಯ. ಫ್ಯಾಕ್ಟರ್ 8 ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಇಲಿಯ ಫ್ಯಾಕ್ಟರ್‌ಗಳನ್ನು ಇದು ಹಿಡಿಯುವುದಿಲ್ಲ, ಹಾಗಾಗಿ ಮಂಗಗಳ ಮೇಲೆ ನೋಡಬೇಕಾಯಿತು. ಇದನ್ನೇ ಇನ್ನಷ್ಟು ತಿದ್ದಿ ಮಾಡಿದ್ದು ಎಮಿಸಿಝುಮ್ಯಾಬ್, ಅದು 2017ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ವಾರ. ವ್ಯಾಗ್ನರ್ ತಂಡ ಬಯಸಿದ ದೀರ್ಘ ಕಾಲದ ಹಿಡಿತ ಇಲ್ಲಿ ಸಿಕ್ಕಿತು. ಇದಕ್ಕೂ ಫಾಸ್ಫಟಿಡಿಲ್ ಸೆರಿನ್ ಇರುವ ಮೇಲ್ಮೈ ಬೇಕು, ಆದರೆ ಆ ಮೇಲ್ಮೈಯನ್ನು ಔಷಧಿ ಹುಟ್ಟಿಸುವುದಿಲ್ಲ. ಗಾಯವಾದಾಗ ದೇಹವೇ ಹುಟ್ಟಿಸುತ್ತದೆ. ನನ್ನ ಪ್ರಕಾರ ಎರಡು ಯೋಚನೆಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಆದರೂ ಎಮಿಸಿಝುಮ್ಯಾಬ್ ಮೇಲೆ ನಡೆದ ಹೇವನ್ 1 ಅನ್ನುವ ಟ್ರಯಲ್‌ನಲ್ಲಿ ಏನಾಯಿತು ನೋಡಿ. ಇನ್ಹಿಬಿಟರ್ ಇರುವ, 12 ವರ್ಷ ಮೇಲ್ಪಟ್ಟ 109 ಜನ ಸೇರಿದ್ದರು. ವಾರಕ್ಕೊಮ್ಮೆ ಎಮಿಸಿಝುಮ್ಯಾಬ್ ತೆಗೆದುಕೊಂಡವರಲ್ಲಿ ರಕ್ತಸ್ರಾವ ಶೇಕಡಾ 87ರಷ್ಟು ಕಡಿಮೆಯಾಯಿತು. ಅದ್ಭುತ ಫಲಿತಾಂಶ. ಆದರೆ ನಡುವೆ ರಕ್ತಸ್ರಾವ ಆದಾಗ ಕೆಲವರಿಗೆ ಹಳೆಯ ಅಭ್ಯಾಸದಂತೆ ಎಪಿಸಿಸಿ ಮತ್ತೆ ಮತ್ತೆ ಕೊಡಲಾಯಿತು. ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿತು, ಒಬ್ಬರಿಗೆ ತಲೆಬುರುಡೆಯೊಳಗೆ ಕಣ್ಣಿನ ಹಿಂದಿನ ಸಿರೆಯ ಜಾಗದಲ್ಲಿ. ಮೂವರಿಗೆ ಸಣ್ಣ ರಕ್ತನಾಳಗಳು ಹೆಪ್ಪಿನಿಂದ ಮುಚ್ಚುವ ಟಿಎಂಎ ಅನ್ನುವ ತೊಂದರೆ ಬಂತು. ಎಪಿಸಿಸಿಯಲ್ಲಿ ಇರುವುದು ಮುಖ್ಯವಾಗಿ ಫ್ಯಾಕ್ಟರ್ 9, 10 ಮತ್ತು ಪ್ರೋಥ್ರಾಂಬಿನ್. ಅಂದರೆ ಎಮಿಸಿಝುಮ್ಯಾಬ್ ಹಿಡಿಯಲು ಕಾಯುತ್ತಿರುವ ವಸ್ತುವನ್ನೇ ರಾಶಿ ಸುರಿದ ಹಾಗಾಯಿತು. ದಿನಕ್ಕೆ ಕೆಜಿಗೆ 100 ಯೂನಿಟ್‌ಗಿಂತ ಜಾಸ್ತಿ ಎಪಿಸಿಸಿಯನ್ನು 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟಾಗ ಅಪಾಯ ಅಂತ ಈಗ ಔಷಧಿಯ ಮೇಲೇ ಕಪ್ಪು ಚೌಕದ ಎಚ್ಚರಿಕೆ ಇದೆ.

ಫಿಟುಸಿರಾನ್ ಕಥೆ ಇದಕ್ಕಿಂತ ನೋವಿನದು. ಹೆಪ್ಪಿಗೆ ಬ್ರೇಕ್ ಹಾಕುವ ಆಂಟಿಥ್ರಾಂಬಿನ್ ಅನ್ನು ಇಳಿಸುವ ಔಷಧಿ ಅದು. 2017ರಲ್ಲಿ ಟ್ರಯಲ್‌ನಲ್ಲಿದ್ದ ಒಬ್ಬ ರೋಗಿ ಮೆದುಳಿನ ಸಿರೆಯಲ್ಲಿ ಹೆಪ್ಪಾಗಿ ತೀರಿಕೊಂಡರು. ಮೊದಲು ಅದನ್ನು ಮೆದುಳಿನ ರಕ್ತಸ್ರಾವ ಅಂದುಕೊಂಡು ಫ್ಯಾಕ್ಟರ್ 8 ಕೊಟ್ಟಿದ್ದರು. ಹಿಮೋಫಿಲಿಯಾ ರೋಗಿಗೆ ತಲೆನೋವು ಅಂದರೆ ಯಾರಿಗಾದರೂ ಮೊದಲು ರಕ್ತಸ್ರಾವವೇ ನೆನಪಾಗುತ್ತದೆ, ಅಲ್ವಾ. ಟ್ರಯಲ್ ನಿಲ್ಲಿಸಿ, ನಿಯಮ ಬಿಗಿ ಮಾಡಿ ಮತ್ತೆ ಶುರು ಮಾಡಿದರು. 2025ರಲ್ಲಿ ಅನುಮತಿ ಸಿಕ್ಕಿತು, ಆದರೆ ಆಂಟಿಥ್ರಾಂಬಿನ್ ಮಟ್ಟವನ್ನು ಅಳೆಯುತ್ತಾ ಶೇಕಡಾ 15ರಿಂದ 35ರ ನಡುವೆ ಇಡಬೇಕು ಅನ್ನುವ ಷರತ್ತಿನ ಮೇಲೆ.

ಕಾನ್ಸಿಝುಮ್ಯಾಬ್ ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರ. ಟಿಶ್ಯೂ ಫ್ಯಾಕ್ಟರ್ ಹೆಜ್ಜೆಯನ್ನು ಮುಚ್ಚುವ ಟಿಎಫ್‌ಪಿಐ ಬಗ್ಗೆ ಮೇಲೆ ಹೇಳಿದೆನಲ್ಲ, ಅದನ್ನೇ ಇದು ತಡೆಯುತ್ತದೆ. 2003ರಲ್ಲಿ ಟಿಶ್ಯೂ ಫ್ಯಾಕ್ಟರ್ ಹೊತ್ತ ಕಣಗಳನ್ನೇ ಹೆಚ್ಚಿಸಿದರು. ಇಲ್ಲಿ ಇರುವ ಟಿಶ್ಯೂ ಫ್ಯಾಕ್ಟರನ್ನೇ ಇನ್ನಷ್ಟು ಹೊತ್ತು ಕೆಲಸ ಮಾಡಲು ಬಿಡುತ್ತಾರೆ. 2020ರ ಮಾರ್ಚ್‌ನಲ್ಲಿ ಮೂವರಿಗೆ ಹೆಪ್ಪಿನ ತೊಂದರೆ ಆಗಿ ಟ್ರಯಲ್ ನಿಂತಿತು. ಡೋಸ್ ಇಳಿಸಿ, ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಅಳೆದು ಹೊಂದಿಸಿ, ರಕ್ತಸ್ರಾವ ಆದಾಗ ಬೇರೆ ಔಷಧಿ ಎಷ್ಟು ಕೊಡಬಹುದು ಅನ್ನೋದಕ್ಕೆ ಮಿತಿ ಹಾಕಿ, ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿದರು. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಬಂತು. ಅಳೆಯಲು ಆಯಿತು, ಅದಕ್ಕೇ ಉಳಿಯಿತು. ಪಿ-ಸೆಲ್-ಐಜಿಗೆ ಸಿಗದೇ ಹೋದದ್ದು ಇದೇ ಅಳತೆ.

ಮನೆಯಲ್ಲಿ ಹಿಮೋಫಿಲಿಯಾ ಇರುವವರಿಗೆ

ಇದನ್ನೆಲ್ಲ ಓದಿದ ಮೇಲೆ ಮೈಕ್ರೋಪಾರ್ಟಿಕಲ್ ಟೆಸ್ಟ್ ಮಾಡಿಸಬೇಕಾ ಅಂತ ಯಾರಾದರೂ ಕೇಳಬಹುದು. ಬೇಡ. ಸಂಶೋಧನೆಯಲ್ಲಿ ಅದಕ್ಕೆ ಬೆಲೆ ಇದೆ, ನಿಮ್ಮ ಚಿಕಿತ್ಸೆಯ ತೀರ್ಮಾನ ಅದರ ಮೇಲೆ ನಿಂತಿಲ್ಲ. ಹಣ ಉಳಿಸಿ.

ಎಮಿಸಿಝುಮ್ಯಾಬ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಎರಡು ವಿಷಯ ನೆನಪಿಡಿ. ಎಪಿಟಿಟಿ ಟೆಸ್ಟ್ ನಾರ್ಮಲ್ ಅಂತ ಬರುತ್ತದೆ, ಅದನ್ನು ನೋಡಿ ಎಮರ್ಜೆನ್ಸಿಯಲ್ಲಿರುವ ಹೊಸ ಡಾಕ್ಟರ್ ರಕ್ತದಲ್ಲಿ ತೊಂದರೆಯೇ ಇಲ್ಲ ಅಂದುಕೊಳ್ಳುವ ಸಾಧ್ಯತೆ ಇದೆ. ಮಾಮೂಲಿ ವಿಧಾನದ ಫ್ಯಾಕ್ಟರ್ 8 ಟೆಸ್ಟೂ, ಇನ್ಹಿಬಿಟರ್ ಟೆಸ್ಟೂ ತಪ್ಪು ಹೇಳುತ್ತವೆ. ದನದ ಫ್ಯಾಕ್ಟರ್ ಬಳಸುವ, ಬಣ್ಣದ ಬದಲಾವಣೆ ನೋಡಿ ಅಳೆಯುವ ಕ್ರೋಮೋಜೆನಿಕ್ ವಿಧಾನ ಬೇಕು. ಎರಡನೆಯದು, ಮನೆಯ ಫ್ರಿಜ್‌ನಲ್ಲಿ ಹಳೆಯ ಎಪಿಸಿಸಿ ಉಳಿದಿದ್ದರೆ ರಕ್ತ ಸೋರಿತು ಅಂತ ನೀವೇ ಅದನ್ನು ಚುಚ್ಚಿಕೊಳ್ಳಬೇಡಿ. ನಿಮ್ಮ ಹಿಮೋಫಿಲಿಯಾ ಕೇಂದ್ರಕ್ಕೆ ಮೊದಲು ಫೋನ್ ಮಾಡಿ. ಕೊನೆಯ ಡೋಸ್ ಆಗಿ ಆರು ತಿಂಗಳವರೆಗೂ ಎಮಿಸಿಝುಮ್ಯಾಬ್ ಪ್ರಭಾವ ಉಳಿದಿರಬಹುದು, ಆದ್ದರಿಂದ ನಿಲ್ಲಿಸಿದ ಮೇಲೂ ಔಷಧಿಯ ಹೆಸರು ಮತ್ತು ಕೊನೆಯ ಡೋಸಿನ ತಾರೀಖು ಬರೆದ ಚೀಟಿ ಪರ್ಸಿನಲ್ಲಿ ಇರಲಿ.